ಚಿತ್ರ ಮುಗಿದ ಮೇಲೆ ಕೇಳಬೇಕಾದದ್ದು



ಮೈಸೂರಿಗೆ ಬಾನುಲಿ ತಂದವರು ಮನಶ್ಶಾಸ್ತ್ರದ ಮೇಷ್ಟ್ರೊಬ್ಬರು. ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿಗೆ ಹೋಗಿ, ಬುದ್ಧಿಶಕ್ತಿಯನ್ನು ಅಳೆಯುವ ವಿದ್ಯೆಯಲ್ಲಿ ದೊಡ್ಡ ಹೆಸರು ಮಾಡಿದ್ದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಬಂದರು. 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಅವರಿಂದ ಶುರುವಾಯಿತು. ಹನ್ನೊಂದು ವರ್ಷದ ಮೇಲೆ, 1935ರ ಸೆಪ್ಟೆಂಬರ್ 10ರಂದು, ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಅವರು ಪ್ರಸಾರ ಆರಂಭಿಸಿದರು. ಪ್ರಶ್ನೆ ಕೇಳಿ ಮನಸ್ಸನ್ನು ಅರಿಯುವ ವಿದ್ಯೆ, ಕಣ್ಣಿಗೆ ಕಾಣದ ಕೇಳುಗರ ಜತೆ ಮಾತಾಡುವ ವಿದ್ಯೆ ಎರಡೂ ಈ ಊರಿನಲ್ಲಿ ಒಂದೇ ಸೂರಿನಡಿ ಇದ್ದವು. ಇವತ್ತು ನಾನು ಎತ್ತಿಕೊಂಡಿರುವ ವಿಷಯಕ್ಕೆ ಈ ಎರಡೂ ಬೇಕು.

ನಮ್ಮ ಊರಿನಲ್ಲಿ ಪತ್ರಿಕೋದ್ಯಮ, ದೃಶ್ಯಮಾಧ್ಯಮ ಓದುವ ಹುಡುಗ ಹುಡುಗಿಯರು ಓದಿನ ಭಾಗವಾಗಿ ಕಿರು ಸಾಕ್ಷ್ಯಚಿತ್ರಗಳನ್ನು ತಯಾರಿಸುತ್ತಾರೆ. ದಸರಾ, ಮೈಸೂರು ರೇಷ್ಮೆ, ಅಗರಬತ್ತಿ, ಗಂಜೀಫಾ, ನಗರದ ಕೆರೆಗಳು ಇವೆಲ್ಲ ಅವರಿಗೆ ಹಳೆಯ ವಿಷಯಗಳು. ಈಗ ಅವರಲ್ಲಿ ಕೆಲವರು ಕ್ಯಾಮೆರಾವನ್ನು ಪಕ್ಕದ ಬೆಂಚಿನ ಗೆಳೆಯನ ಕಡೆ ತಿರುಗಿಸಿದ್ದಾರೆ. ರಾತ್ರಿ ನಿದ್ದೆ ಬಾರದವನು, ತರಗತಿಗೆ ಬರುವುದನ್ನೇ ಬಿಟ್ಟವಳು, ಮನೆಯವರ ಫೋನ್ ಬಂದರೆ ಎದೆ ಹೊಡೆದುಕೊಳ್ಳುವವನು, ಇಂಥವರ ಕಥೆ ಹೇಳಲು ಹೊರಟಿದ್ದಾರೆ. ಇದು ಧೈರ್ಯದ ಕೆಲಸ. ಚಿತ್ರ ಮುಗಿಯುತ್ತದೆ, ಸಭಾಂಗಣದಲ್ಲಿ ಪ್ರದರ್ಶನ ನಡೆಯುತ್ತದೆ, ಚಪ್ಪಾಳೆ ಬೀಳುತ್ತದೆ. ಆಮೇಲೆ ಒಂದು ಹಾಳೆ ಹಂಚುತ್ತಾರೆ ಅಥವಾ ವಾಟ್ಸ್ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸುತ್ತಾರೆ. ಚಿತ್ರ ಹೇಗಿತ್ತು? ಸಂಗೀತ ಹಿಡಿಸಿತೇ? ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?

ನನ್ನ ಮಾತು ಆ ಹಾಳೆಯ ಬಗ್ಗೆ. ಅಷ್ಟು ಕಷ್ಟಪಟ್ಟು ಮಾಡಿದ ಚಿತ್ರಕ್ಕೆ ಆ ಹಾಳೆ ನ್ಯಾಯ ಒದಗಿಸುತ್ತಿಲ್ಲ ಎಂಬುದು ನನ್ನ ಕೊರಗು.

ಯಾಕೆ ಎಂಬುದಕ್ಕೆ ಮೊದಲು ಒಂದೆರಡು ಅಂಕಿ ಹೇಳಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ಲೆಕ್ಕದಂತೆ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044 ಮಂದಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇನ್ನೊಂದು ಮಾತು ಹೇಳಿತು. ಹದಿಮೂರರಿಂದ ಹದಿನೇಳು ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಅದೇ ಸಮೀಕ್ಷೆಯ ಮತ್ತೊಂದು ಅಂಶ. ಕಾಯಿಲೆ ಯಾವುದು ಎಂಬುದರ ಮೇಲೆ ಪ್ರಮಾಣ ಬೇರೆ ಬೇರೆಯಾದರೂ, ತೊಂದರೆ ಇದ್ದವರಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ನೋವಿಗೂ ನೆರವಿಗೂ ನಡುವೆ ಅಷ್ಟು ದೂರ ಇದೆ.

ವಿದ್ಯಾರ್ಥಿಗಳ ಮನಸ್ಸಿನ ಮೇಲೆ ಚಿತ್ರ ಮಾಡುವವರಿಗೆ ಇರುವ ಕೆಲಸ ಇಲ್ಲಿದೆ. ನೋವು ಇದೆ ಎಂದು ತೋರಿಸುವುದು ಅರ್ಧ ಕೆಲಸ, ಆ ದೂರವನ್ನು ಒಂದು ಹೆಜ್ಜೆಯಾದರೂ ಕಡಿಮೆ ಮಾಡುವುದು ಉಳಿದರ್ಧ. ಹಾಗಾದರೆ ಪ್ರೇಕ್ಷಕರನ್ನು ಕೇಳಬೇಕಾದದ್ದು, ಈ ಚಿತ್ರ ನೋಡಿದ ಮೇಲೆ ನೀವು ಹೇಳಿಕೊಳ್ಳುವುದು, ಇನ್ನೊಬ್ಬರು ಹೇಳಿಕೊಂಡಾಗ ಕೇಳಿಸಿಕೊಳ್ಳುವುದು ಸ್ವಲ್ಪವಾದರೂ ಸುಲಭವಾಯಿತೇ ಎಂದು. ಮಿಕ್ಕ ಪ್ರಶ್ನೆಗಳೆಲ್ಲ ಇದರ ಹಿಂದೆ ಬರಬೇಕು.

ಕಣ್ಣೀರನ್ನೇ ಅಳತೆಗೋಲು ಮಾಡಿಕೊಳ್ಳುವ ಅಭ್ಯಾಸ ನಮಗಿದೆ. ಮೈಸೂರಿನಲ್ಲಿ ಬದುಕಿ ಬರೆದ ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದರು. ಕಲ್ಪನಾ ಅವರ ಕಾವೇರಿಯನ್ನು ನೋಡಿ ಅತ್ತವರು ನಮ್ಮ ಮನೆಮನೆಯಲ್ಲೂ ಇದ್ದಾರೆ. ಬಾಣಂತನದ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದವಳನ್ನು ಸುತ್ತಲಿನವರ ನೋಟ, ಮಾತು, ಅನುಮಾನ ಮತ್ತೆ ಮುರಿಯುತ್ತವೆ. ಅದು ಕಥೆಯ ತಿರುಳು. ಕಾವೇರಿಗಾಗಿ ಅತ್ತ ಪ್ರೇಕ್ಷಕ ಮನೆಗೆ ಹೋಗುವಾಗ ತನ್ನ ಬೀದಿಯಲ್ಲಿ ಆಸ್ಪತ್ರೆಯಿಂದ ವಾಪಸು ಬಂದ ಹೆಣ್ಣುಮಗಳನ್ನು ಹೊಸ ಕಣ್ಣಿನಿಂದ ನೋಡಿದನೇ? ಅಳು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು.

ಈಚೆಗೆ ಕೆಲವು ವಿದ್ಯಾರ್ಥಿಗಳು ತಮ್ಮ ಪ್ರಶ್ನಾವಳಿಯ ಕರಡು ತಂದು, ‘ಒಂದ್ಸಲ ನೋಡಿಕೊಡಿ ಸಾರ್’ ಎಂದರು. ಮೊದಲ ಪ್ರಶ್ನೆ, ‘ಚಿತ್ರ ಮನಮುಟ್ಟುವಂತೆಯೂ ಉಪಯುಕ್ತವಾಗಿಯೂ ಇತ್ತೇ?’ ಇದರಲ್ಲಿ ಎರಡು ಪ್ರಶ್ನೆಗಳಿವೆ. ಮನ ಮುಟ್ಟಿತು, ಆದರೆ ಉಪಯೋಗವಾಗಲಿಲ್ಲ ಎನ್ನುವವನು ಎಲ್ಲಿ ಗುರುತು ಹಾಕಬೇಕು? ಎರಡನೆಯದು, ‘ಮಾನಸಿಕ ಆರೋಗ್ಯದ ಬಗ್ಗೆ ಜಾಗೃತಿ ಅಗತ್ಯ ಎಂದು ಒಪ್ಪುತ್ತೀರಾ?’ ಬಲವಾಗಿ ಒಪ್ಪುತ್ತೇನೆ ಎಂಬಲ್ಲಿಂದ ಒಪ್ಪುವುದೇ ಇಲ್ಲ ಎಂಬವರೆಗೆ ಐದು ಮನೆ. ರೆನ್ಸಿಸ್ ಲೈಕರ್ಟ್ ಎಂಬ ಅಮೆರಿಕದ ವಿದ್ವಾಂಸರು 1932ರಲ್ಲಿ ಬಳಕೆಗೆ ತಂದ ಈ ಕ್ರಮ ಒಳ್ಳೆಯದೇ. ಆದರೆ ಜಾಗೃತಿ ಬೇಡ ಎನ್ನುವವರು ಯಾರಿದ್ದಾರೆ? ಎಲ್ಲರೂ ಒಪ್ಪುವ ಮಾತನ್ನು ಕೇಳಿ, ಎಲ್ಲರೂ ಒಪ್ಪಿದರು ಎಂದು ವರದಿ ಬರೆದರೆ ಚಿತ್ರದ ಬಗ್ಗೆ ನಮಗೆ ತಿಳಿದದ್ದೇನು? ಮಕ್ಕಳ ಮುಖ ಸಪ್ಪಗಾಯಿತು. ಪ್ರಶ್ನೆ ತಯಾರಿಸುವುದು ಚಿತ್ರ ತೆಗೆಯುವಷ್ಟೇ ಕಷ್ಟದ ಕೆಲಸ ಎಂದು ಹೇಳಿ, ಕೂತು ಹೊಸದಾಗಿ ಬರೆಯೋಣ ಎಂದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಅಭಿಪ್ರಾಯ ಕೇಳುವುದಕ್ಕಿಂತ ಒಂದು ಸನ್ನಿವೇಶ ಕೊಟ್ಟು, ನೀವಾದರೆ ಏನು ಮಾಡುತ್ತೀರಿ ಎಂದು ಕೇಳುವುದು ಮೇಲು. ಆಸ್ಟ್ರೇಲಿಯಾದ ಆ್ಯಂಟನಿ ಜಾರ್ಮ್ ಮತ್ತು ಅವರ ಜತೆಗಾರರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮಾಡಿದರು. ಒಬ್ಬ ವ್ಯಕ್ತಿಯ ಪುಟ್ಟ ಕಥೆ ಓದಿಸಿ, ಇವರಿಗೆ ಏನಾಗಿದೆ, ಯಾರಿಂದ ಸಹಾಯವಾದೀತು ಎಂದು ಜನರನ್ನು ಕೇಳಿದರು. ನಾವು ಅದನ್ನು ನಮ್ಮ ಊರಿಗೆ ಒಗ್ಗಿಸಿಕೊಂಡೆವು. ಕಥೆ ಹೀಗಿದೆ: ಹೆಗ್ಗಡದೇವನಕೋಟೆ ಕಡೆಯ ಹಳ್ಳಿಯಿಂದ ಬಂದ ಹುಡುಗ. ಪಡುವಾರಹಳ್ಳಿಯಲ್ಲಿ ಮೂವರ ಜತೆ ಬಾಡಿಗೆ ಕೋಣೆಯಲ್ಲಿದ್ದಾನೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಮೂರು ವಾರದಿಂದ ತರಗತಿಗೆ ಹೋಗುತ್ತಿಲ್ಲ, ಮೆಸ್ಸಿಗೂ ಸರಿಯಾಗಿ ಹೋಗುತ್ತಿಲ್ಲ. ಕೇಳಿದರೆ, ‘ಏನಿಲ್ಲ ಬಿಡು, ಯಾಕೋ ಬೇಜಾರು’ ಎನ್ನುತ್ತಾನೆ. ಎರಡು ಪೇಪರ್ ಬ್ಯಾಕ್ ಉಳಿದಿವೆ, ಮನೆಗೆ ಹೇಳಿಲ್ಲ. ನೀವು ಅವನ ಕೋಣೆಯ ಗೆಳೆಯ. ಮೊದಲು ಏನು ಮಾಡುತ್ತೀರಿ? ಅವನಿಗೆ ಏನು ಹೇಳುತ್ತೀರಿ? ಯಾರ ಹತ್ತಿರ ಕರೆದುಕೊಂಡು ಹೋಗುತ್ತೀರಿ?

ಇದಕ್ಕೆ ಉತ್ತರಗಳ ಪಟ್ಟಿ ಕೊಡಬೇಡಿ. ಮೂರು ಸಾಲು ಖಾಲಿ ಬಿಡಿ, ಅವರೇ ಬರೆಯಲಿ. ‘ಸಿನಿಮಾಕ್ಕೆ ಕರ್ಕೊಂಡು ಹೋಗ್ತೀನಿ’ ಎಂದು ಒಬ್ಬ ಬರೆದಾನು, ‘ಅವರಮ್ಮನಿಗೆ ಫೋನ್ ಮಾಡ್ತೀನಿ’ ಎಂದು ಇನ್ನೊಬ್ಬಳು ಬರೆದಾಳು. ನಂಜನಗೂಡಿಗೆ ಹೋಗಿ ದೇವರ ದರ್ಶನ ಮಾಡಿಸಿಕೊಂಡು ಬರುತ್ತೇನೆ ಎನ್ನುವವರೂ ಇರಬಹುದು. ಇವು ಯಾವುವೂ ತಪ್ಪಲ್ಲ, ಗೆಳೆಯನನ್ನು ಒಂಟಿಯಾಗಿ ಬಿಡುವುದಿಲ್ಲ ಎಂಬ ಕಾಳಜಿ ಎಲ್ಲದರಲ್ಲೂ ಇದೆ. ನಾವು ನೋಡಬೇಕಾದದ್ದು, ಚಿತ್ರ ನೋಡುವ ಮೊದಲು ಬರೆದ ಉತ್ತರಕ್ಕೂ ನೋಡಿದ ಮೇಲೆ ಬರೆದ ಉತ್ತರಕ್ಕೂ ಏನು ವ್ಯತ್ಯಾಸ ಎಂಬುದನ್ನು. ‘ಸ್ಟ್ರಾಂಗ್ ಆಗಿರು ಅಂತೀನಿ’ ಎಂದು ಮೊದಲು ಬರೆದವನು ಆಮೇಲೆ ‘ಪಕ್ಕದಲ್ಲಿ ಕೂತು ಕೇಳ್ತೀನಿ, ಡಾಕ್ಟರ ಹತ್ತಿರ ಜತೆಗೆ ಹೋಗ್ತೀನಿ’ ಎಂದು ಬರೆದರೆ, ಆ ಚಿತ್ರ ಒಂದು ಕೆಲಸ ಮಾಡಿತು ಎನ್ನಲು ನಮ್ಮ ಕೈಯಲ್ಲಿ ಆಧಾರವಿದೆ. ಐದರಲ್ಲಿ ನಾಲ್ಕೂವರೆ ಅಂಕ ಆ ಆಧಾರವನ್ನು ಎಂದಿಗೂ ಕೊಡದು.

ಅಂದರೆ ಚಿತ್ರಕ್ಕೆ ಮುಂಚೆ ಒಮ್ಮೆ, ಮುಗಿದ ಕೂಡಲೇ ಒಮ್ಮೆ, ತಿಂಗಳು ಕಳೆದ ಮೇಲೆ ಮತ್ತೊಮ್ಮೆ ಕೇಳಬೇಕು. ಹೆಸರು ಬರೆಸದೆ ಮೂರೂ ಹಾಳೆ ಒಬ್ಬರವೇ ಎಂದು ತಿಳಿಯುವುದು ಹೇಗೆ? ಅದಕ್ಕೆ ಸುಲಭದ ದಾರಿ ಇದೆ. ತಾಯಿಯ ಹೆಸರಿನ ಮೊದಲ ಅಕ್ಷರ, ತಾವು ಹುಟ್ಟಿದ ತಾರೀಕು, ಮೊದಲು ಓದಿದ ಶಾಲೆಯ ಊರಿನ ಮೊದಲ ಅಕ್ಷರ, ಈ ಮೂರನ್ನು ಸೇರಿಸಿ ಪ್ರತಿಯೊಬ್ಬರೂ ತಮಗೆ ತಾವೇ ಗುರುತು ಮಾಡಿಕೊಳ್ಳಲಿ. ತಿಂಗಳ ಮೇಲೆ ಕೇಳಿದರೂ ಅದು ಮರೆತುಹೋಗುವುದಿಲ್ಲ, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ.

ಈಗ ಎಚ್ಚರಿಕೆಯ ಮಾತಿಗೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ವಿದ್ಯಾರ್ಥಿಗಳು ತಂದ ಕರಡಿನ ಕೊನೆಯ ಪುಟದಲ್ಲಿ ಪಿಎಚ್‌ಕ್ಯೂ–9 ಎಂಬ ಪ್ರಶ್ನಾವಳಿ ಅಂಟಿಸಿತ್ತು. ಇದು 2001ರಲ್ಲಿ ಪ್ರಕಟವಾದ, ಜಗತ್ತಿನ ಎಲ್ಲೆಡೆ ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಹಸಿವು ಹೇಗಿತ್ತು, ಯಾವುದರಲ್ಲೂ ಆಸಕ್ತಿ ಇಲ್ಲ ಎನ್ನಿಸಿತೇ ಎಂದು ಕೇಳುತ್ತದೆ. ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಮನ ಕೊಡಬೇಕು ಎಂಬುದು ರೂಢಿ. ಇದರ ಒಂಬತ್ತನೆಯ ಪ್ರಶ್ನೆ, ಸತ್ತರೆ ಚೆನ್ನಾಗಿತ್ತು ಎಂದಾಗಲಿ, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂದಾಗಲಿ ಅನ್ನಿಸಿತೇ ಎಂಬುದು.

‘ಇದನ್ನು ಯಾಕೆ ಸೇರಿಸಿದಿರಿ?’ ಎಂದು ಕೇಳಿದೆ. ‘ಡೇಟಾ ಸಿಗುತ್ತಲ್ಲ ಸಾರ್’ ಎಂದರು. ‘ಒಬ್ಬ ಹುಡುಗಿ ಒಂಬತ್ತನೆಯದಕ್ಕೆ, ಹೆಚ್ಚುಕಡಿಮೆ ದಿನವೂ ಅನ್ನಿಸುತ್ತದೆ ಎಂದು ಗುರುತು ಹಾಕಿ ಹಾಳೆಯನ್ನು ಪೆಟ್ಟಿಗೆಗೆ ಹಾಕಿ ಹೋದಳು ಎಂದಿಟ್ಟುಕೊಳ್ಳಿ. ಹೆಸರಿಲ್ಲ. ನೀವು ಪೆಟ್ಟಿಗೆ ತೆರೆಯುವುದು ಮುಂದಿನ ವಾರ. ಆಗ ಅವಳನ್ನು ಎಲ್ಲಿ ಹುಡುಕುತ್ತೀರಿ?’ ಎಂದೆ. ಯಾರೂ ಮಾತಾಡಲಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೆಳೆಯಬಾರದು. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ನಮ್ಮಲ್ಲಿ ಬಹಳ ಜನ ಹೆದರುತ್ತಾರೆ. ಆ ಹೆದರಿಕೆಯಿಂದಲೇ ತಾಯಿತಂದೆ ಕೇಳುವುದಿಲ್ಲ, ಮೇಷ್ಟ್ರು ಕೇಳುವುದಿಲ್ಲ, ಗೆಳೆಯರೂ ಕೇಳುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಈ ಭಯವನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ ಆ ಪ್ರಶ್ನೆ ಕೇಳಿದರು, ಇನ್ನೊಂದು ಗುಂಪಿಗೆ ಕೇಳಲಿಲ್ಲ. ಎರಡು ದಿನ ಬಿಟ್ಟು ನೋಡಿದಾಗ, ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಆದ್ದರಿಂದ ಕೇಳುವುದು ಅಪಾಯವಲ್ಲ. ಕೇಳಿ, ಉತ್ತರ ಬಂದಾಗ ಅಲ್ಲಿ ಇರದಿರುವುದು ಅನ್ಯಾಯ. ಕೇಳಿದ ಹೊತ್ತಿಗೇ ಪಕ್ಕದ ಕೋಣೆಯಲ್ಲಿ ತರಬೇತಾದ ಆಪ್ತಸಮಾಲೋಚಕರು ಕೂತಿದ್ದರೆ, ಹಾಳೆಯನ್ನು ಆಗಲೇ ನೋಡುವ ವ್ಯವಸ್ಥೆ ಇದ್ದರೆ, ಹೆಸರು ಹೇಳಿಕೊಳ್ಳಲು ವಿದ್ಯಾರ್ಥಿಗೆ ದಾರಿ ಇದ್ದರೆ ಕೇಳಬಹುದು. ಅದು ವೈದ್ಯಕೀಯ ತಪಾಸಣೆ. ಪ್ರೇಕ್ಷಕರ ಸಮೀಕ್ಷೆಗೆ ಆ ಕೆಲಸ ಹಚ್ಚಬಾರದು. ನಾವು ಆ ಪುಟವನ್ನು ತೆಗೆದೆವು.

ತೆಗೆದ ಜಾಗದಲ್ಲಿ ಬೇರೆ ಎರಡು ಪ್ರಶ್ನೆ ಬಂದವು. ಚಿತ್ರದ ಯಾವುದಾದರೂ ಭಾಗ ನೋಡುವಾಗ ಎದ್ದು ಹೋಗಬೇಕು ಅನ್ನಿಸಿತೇ, ಅನ್ನಿಸಿದ್ದರೆ ಯಾವ ಭಾಗ? ಈಗ, ಈ ಹಾಳೆ ತುಂಬುವಾಗ, ಯಾರ ಜತೆಗಾದರೂ ಮಾತಾಡಬೇಕು ಅನ್ನಿಸುತ್ತಿದೆಯೇ? ಎರಡನೆಯದರ ಕೆಳಗೇ ಇವತ್ತು ಸಭಾಂಗಣದಲ್ಲಿ ಯಾರಿದ್ದಾರೆ, ಎಲ್ಲಿ ಕೂತಿದ್ದಾರೆ, ಎಷ್ಟು ಗಂಟೆಯವರೆಗೆ ಇರುತ್ತಾರೆ ಎಂದು ಬರೆದಿರಬೇಕು. ಅದರ ಕೆಳಗೆ 14416 ಸಂಖ್ಯೆ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಈ ಮಾತು ಕೇಳುತ್ತಿರುವವರಲ್ಲಿ ಯಾರಿಗಾದರೂ ಬೇಕಿದ್ದರೆ ಈಗಲೇ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮ್ಮ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜತೆಗೂಡಿ ನಡೆಸುವ ‘ಯುವ ಸ್ಪಂದನ’ ಇರುವುದೂ ನಿಮ್ಮಂಥ ಯುವಕ ಯುವತಿಯರಿಗಾಗಿಯೇ.

ಎದ್ದು ಹೋಗಬೇಕು ಅನ್ನಿಸಿದ ಭಾಗ ಯಾವುದು ಎಂಬ ಪ್ರಶ್ನೆಗೆ ಇನ್ನೊಂದು ಬೆಲೆ ಇದೆ. 2017ರಲ್ಲಿ ಅಮೆರಿಕದಲ್ಲಿ ಒಂದು ಜನಪ್ರಿಯ ಧಾರಾವಾಹಿ ಹದಿಹರೆಯದ ಹುಡುಗಿಯ ಆತ್ಮಹತ್ಯೆಯನ್ನು ವಿವರವಾಗಿ ತೋರಿಸಿತು. ಮನೋವೈದ್ಯರು ಬಹಳ ಆಕ್ಷೇಪಿಸಿದ ಮೇಲೆ, 2019ರಲ್ಲಿ, ಆ ದೃಶ್ಯವನ್ನು ತೆಗೆದುಹಾಕಿದರು. ಅಷ್ಟು ಹೊತ್ತಿಗೆ ಎಷ್ಟೋ ಮಕ್ಕಳು ಅದನ್ನು ನೋಡಿ ಆಗಿತ್ತು. ಅದೇ ಇನ್ನೊಂದು ಕಡೆ, ಆಸ್ಟ್ರಿಯಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ಘಳಿಗೆಯನ್ನು ಹೇಗೋ ದಾಟಿ ಬದುಕಿದವರ ಕಥೆ ಪತ್ರಿಕೆಗಳಲ್ಲಿ ಬಂದಾಗ ಆತ್ಮಹತ್ಯೆಗಳು ಕಡಿಮೆಯಾದದ್ದನ್ನು ಗುರುತಿಸಿದರು. ಹಾಗಾಗಿ ಚಿತ್ರದಲ್ಲಿ ಕಷ್ಟ ದಾಟಿ ಬಂದವರ ಮಾತು ಎಷ್ಟು ಹೊತ್ತು ಇದೆ, ಪ್ರೇಕ್ಷಕರ ನೆನಪಿನಲ್ಲಿ ಉಳಿದದ್ದು ಆ ಮಾತೋ ಸಾವಿನ ಸುದ್ದಿಯೋ ಎಂದು ತಿಳಿಯಬೇಕು. ‘ಈ ಚಿತ್ರದಲ್ಲಿ ನಿಮಗೆ ಮೊದಲು ನೆನಪಾಗುವುದು ಏನು?’ ಎಂಬ ಒಂದೇ ಸಾಲಿನ ಪ್ರಶ್ನೆಯಿಂದ ಇದು ಗೊತ್ತಾಗುತ್ತದೆ.

ಕೇಳುಗರ ಮನಸ್ಸು ತಿಳಿಯುವ ಕೆಲಸದಲ್ಲಿ ಬಾನುಲಿಗೆ ದೊಡ್ಡ ಅನುಭವವಿದೆ. ಬಿಬಿಸಿ 1936ರಲ್ಲಿ ರಾಬರ್ಟ್ ಸಿಲ್ವಿ ಎಂಬವರನ್ನು ಇದಕ್ಕಾಗಿಯೇ ನೇಮಿಸಿತು. ಅದಾದ ಸ್ವಲ್ಪ ಕಾಲಕ್ಕೆ ಅಮೆರಿಕದಲ್ಲಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಫ್ರಾಂಕ್ ಸ್ಟಾಂಟನ್ ಒಂದು ಯಂತ್ರ ಮಾಡಿದರು. ಕೇಳುಗರ ಕೈಗೆ ಎರಡು ಗುಂಡಿ, ಹಿಡಿಸಿದರೆ ಹಸಿರು ಒತ್ತಬೇಕು, ಹಿಡಿಸದಿದ್ದರೆ ಕೆಂಪು. ಕಾರ್ಯಕ್ರಮದ ಯಾವ ಕ್ಷಣದಲ್ಲಿ ಎಷ್ಟು ಮಂದಿ ಯಾವ ಗುಂಡಿ ಒತ್ತಿದರು ಎಂಬುದು ಕಾಗದದ ಮೇಲೆ ದಾಖಲಾಗುತ್ತಿತ್ತು. ಆಮೇಲೆ ಅವರನ್ನು ಕೂರಿಸಿಕೊಂಡು, ಇಲ್ಲಿ ಕೆಂಪು ಯಾಕೆ ಒತ್ತಿದಿರಿ ಎಂದು ಕೇಳುತ್ತಿದ್ದರು. ನಮಗೆ ಯಂತ್ರ ಬೇಡ. ಇಪ್ಪತ್ತು ನಿಮಿಷದ ಚಿತ್ರವನ್ನು ನಾಲ್ಕು ಕಡೆ ನಿಲ್ಲಿಸಿ, ಹಾಳೆಯ ಮೇಲೆ ಒಂದು ಗುರುತು ಹಾಕಿಸಿ, ಮುಗಿದ ಮೇಲೆ ಐದಾರು ಮಂದಿಯನ್ನು ಸುತ್ತ ಕೂರಿಸಿಕೊಂಡು ಮಾತಾಡಿಸಿದರೆ ಸಾಕು. ಇದನ್ನು ಮುಖ್ಯ ಪ್ರದರ್ಶನದಲ್ಲಿ ಮಾಡಬಾರದು, ಚಿತ್ರದ ಓಟ ಕೆಡುತ್ತದೆ. ಚಿಕ್ಕ ಗುಂಪಿಗೆ ಬೇರೆಯಾಗಿ ತೋರಿಸಿ.

ಇನ್ನು, ಯಾರನ್ನು ಕೇಳಬೇಕು? ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ ಇದ್ದಾಗ ಆ ಮಾತು ನಿಜ. ಮೈಸೂರಿನ ವಿದ್ಯಾರ್ಥಿಗಳು ಹಾಗಿಲ್ಲ. ಕುವೆಂಪುನಗರದ ಸ್ವಂತ ಮನೆಯಿಂದ ಸ್ಕೂಟರಿನಲ್ಲಿ ಬರುವವಳ ದಿನ ಬೇರೆ, ಬಿಸಿಎಂ ಹಾಸ್ಟೆಲಿನಲ್ಲಿ ಇರುವವನ ದಿನ ಬೇರೆ. ಗುಂಡ್ಲುಪೇಟೆಯಿಂದ ಬೆಳಗ್ಗೆ ಬಸ್ಸು ಹಿಡಿದು ಬಂದು ಸಂಜೆ ವಾಪಸು ಹೋಗಿ ಮನೆಗೆಲಸ ಮಾಡುವವಳದು ಇನ್ನೂ ಬೇರೆ. ಕೊಡಗಿನವರು, ವಯನಾಡಿನವರು, ಈಶಾನ್ಯ ರಾಜ್ಯಗಳವರು, ಹೊರದೇಶಗಳಿಂದ ಮಾನಸಗಂಗೋತ್ರಿಗೆ ಬಂದವರು ಇದ್ದಾರೆ. ಕೆಲವರಿಗೆ ಕನ್ನಡದ ಹಾಳೆಯೇ ಬೇಕು, ಕೆಲವರಿಗೆ ಇಂಗ್ಲಿಷಿನದು ಬೇಕು. ಪ್ರದರ್ಶನಕ್ಕೆ ತಾವಾಗಿ ಬಂದು, ಲಿಂಕ್ ತೆರೆದು, ತಾಳ್ಮೆಯಿಂದ ಉತ್ತರಿಸುವವರು ಈಗಾಗಲೇ ಈ ವಿಷಯದಲ್ಲಿ ಆಸಕ್ತಿ ಇದ್ದವರು. ಮೂರು ವಾರದಿಂದ ತರಗತಿಗೇ ಬಾರದ ಆ ಹುಡುಗ ಸಭಾಂಗಣಕ್ಕೆ ಎಲ್ಲಿಂದ ಬಂದಾನು? ಅದಕ್ಕೇ ಚಿತ್ರವನ್ನು ಹಾಸ್ಟೆಲಿನ ಊಟದ ಹಾಲಿಗೆ, ಬಾಡಿಗೆ ಕೋಣೆಗಳ ಬೀದಿಗೆ ತೆಗೆದುಕೊಂಡು ಹೋಗಬೇಕು ಎಂಬುದು ನನ್ನ ಒತ್ತಾಯ. ನಡುವೆ ಎದ್ದು ಹೋದವರು ಎಷ್ಟು ಮಂದಿ, ಯಾವ ದೃಶ್ಯದಲ್ಲಿ ಎದ್ದರು ಎಂದು ಬಾಗಿಲ ಬಳಿ ಒಬ್ಬರು ಬರೆದುಕೊಳ್ಳಲಿ. ಹಾಳೆ ತುಂಬದೆ ಹೋದವರೂ ಒಂದು ಉತ್ತರ ಕೊಟ್ಟೇ ಹೋಗಿರುತ್ತಾರೆ.

ಹಿನ್ನೆಲೆಯ ಪ್ರಶ್ನೆಗಳನ್ನು ಅಗತ್ಯಕ್ಕಿಂತ ಹೆಚ್ಚು ಕೇಳಬಾರದು. ಮೈಸೂರಿನಲ್ಲಿ ಮನಶ್ಶಾಸ್ತ್ರ ಕಲಿಸಿದ ಬಿ. ಕುಪ್ಪುಸ್ವಾಮಿಯವರು 1976ರಲ್ಲಿ ರೂಪಿಸಿದ ಸಾಮಾಜಿಕ–ಆರ್ಥಿಕ ಅಳತೆಗೋಲು ಇವತ್ತಿಗೂ ದೇಶದ ನಗರಗಳ ಆರೋಗ್ಯ ಸಮೀಕ್ಷೆಗಳಲ್ಲಿ ಬಳಕೆಯಲ್ಲಿದೆ. ಮನೆಯ ಯಜಮಾನರ ಓದು, ಕಸುಬು, ಕುಟುಂಬದ ಆದಾಯ ಈ ಮೂರನ್ನು ಅದು ಕೂಡಿಸಿ ನೋಡುತ್ತದೆ. ಬೆಲೆ ಏರಿದ ಹಾಗೆ ಆದಾಯದ ಅಂಕಿಗಳನ್ನು ತಿದ್ದುತ್ತಾ ಬಂದಿದ್ದಾರೆ. ನಮ್ಮ ಊರಿನ ಹೆಮ್ಮೆಯ ಕೆಲಸ ಅದು. ಆದರೂ ಇಪ್ಪತ್ತು ನಿಮಿಷದ ಚಿತ್ರ ನೋಡಿದ ವಿದ್ಯಾರ್ಥಿಯಿಂದ ಅಪ್ಪನ ಆದಾಯ ಕೇಳುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಎಲ್ಲಿ ಉಳಿದುಕೊಂಡಿದ್ದೀರಿ, ಮನೆಯಲ್ಲಿ ನಿಮಗಿಂತ ಮುಂಚೆ ಯಾರಾದರೂ ಕಾಲೇಜು ಓದಿದ್ದಾರೆಯೇ, ಎಷ್ಟನೆಯ ವರ್ಷ ಇಷ್ಟು ಸಾಕು. ಜಾತಿ, ಊರು, ವಿಭಾಗ, ವಯಸ್ಸು ಎಲ್ಲ ಸೇರಿಸಿದರೆ ಹೆಸರಿಲ್ಲದಿದ್ದರೂ ಮನುಷ್ಯ ಸಿಕ್ಕಿಬೀಳುತ್ತಾನೆ. ಒಂದು ತರಗತಿಯಲ್ಲಿ ನಾಗಾಲ್ಯಾಂಡಿನ ಹುಡುಗಿ ಒಬ್ಬಳೇ ಇದ್ದರೆ, ಅವಳ ಹಾಳೆ ಯಾವುದು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಐದಕ್ಕಿಂತ ಕಡಿಮೆ ಮಂದಿ ಇರುವ ಗುಂಪಿನ ಉತ್ತರವನ್ನು ಬೇರೆ ಮಾಡಿ ಎಲ್ಲೂ ಪ್ರಕಟಿಸಬೇಡಿ. ಗೂಗಲ್ ಫಾರಂ ಬಳಸಿದರೆ ಇಮೇಲ್ ವಿಳಾಸ ಸಂಗ್ರಹಿಸುವ ಗುಂಡಿಯನ್ನು ಆರಿಸಿಬಿಡಿ. ಪಿಯುಸಿ ಮಕ್ಕಳಿಗೆ ಹದಿನೆಂಟು ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಅವರು ಮಕ್ಕಳೇ. ಪೋಷಕರ ಒಪ್ಪಿಗೆ ಬೇಕು, ಅದರ ಜತೆಗೆ ಆ ಮಗುವಿನ ಒಪ್ಪಿಗೆಯೂ ಬೇಕು.

ಹಾಳೆಯನ್ನು ವಾಪಸು ತೆಗೆದುಕೊಳ್ಳುವ ಕೈ ಯಾರದು ಎಂಬುದೂ ಉತ್ತರವನ್ನು ಬದಲಿಸುತ್ತದೆ. ಇಂಟರ್ನಲ್ ಅಂಕ ಹಾಕುವ ಮೇಡಂ ಮುಂದಿನ ಸಾಲಿನಲ್ಲಿ ಕೂತು ಹಾಳೆ ಕೂಡಿಸಿಕೊಂಡರೆ, ಕಾಲೇಜಿನಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ ಎಂದು ಯಾವ ವಿದ್ಯಾರ್ಥಿ ಬರೆದಾನು? ಬಾಗಿಲ ಬಳಿ ಮುಚ್ಚಿದ ಪೆಟ್ಟಿಗೆ ಇಡಿ. ಅಟೆಂಡೆನ್ಸ್‌ಗೂ ಸಮೀಕ್ಷೆಗೂ ಗಂಟು ಹಾಕಬೇಡಿ.

ಪೋಷಕರಿಗೂ ಅಧ್ಯಾಪಕರಿಗೂ ಬೇರೆ ಬೇರೆ ಹಾಳೆ ಬೇಕು. ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ರಾಷ್ಟ್ರೀಯ ಕಾರ್ಯಪಡೆ ನೇಮಿಸಿತು. ಅದರ ಅಧ್ಯಕ್ಷರು ಮೈಸೂರಿನಲ್ಲಿ ಹುಟ್ಟಿದ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್. ಆ ಕಾರ್ಯಪಡೆಯೂ ವಿದ್ಯಾರ್ಥಿಗಳನ್ನು, ಅಧ್ಯಾಪಕರನ್ನು, ಪೋಷಕರನ್ನು ಬೇರೆಬೇರೆಯಾಗಿಯೇ ಕೇಳಿತು. ಅದೇ ವರ್ಷದ ಜುಲೈನಲ್ಲಿ ಇನ್ನೊಂದು ತೀರ್ಪಿನಲ್ಲಿ ನ್ಯಾಯಾಲಯ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರು ಇರಲೇಬೇಕು ಎಂದು ಹೇಳಿತು. ನಮ್ಮ ಹಾಳೆಯಲ್ಲಿ ಇದಕ್ಕೊಂದು ಸರಳ ಪ್ರಶ್ನೆ ಇಟ್ಟೆವು: ‘ನಿಮ್ಮ ಕಾಲೇಜಿನಲ್ಲಿ ಆಪ್ತಸಮಾಲೋಚಕರು ಕೂರುವ ಕೋಣೆ ಎಲ್ಲಿದೆ?’ ಇದೆಯೇ ಎಂದು ಕೇಳಿದರೆ ಹೌದು ಎಂದುಬಿಡುತ್ತಾರೆ. ಎಲ್ಲಿದೆ ಎಂದು ಕೇಳಿದಾಗ ಗೊತ್ತಿದ್ದವರು ಯಾರು ಎಂಬುದು ತಿಳಿಯುತ್ತದೆ.

ಹಳ್ಳಿಯಿಂದ ಬಂದ ತಾಯಿಗೆ ಓದಲು ಬಾರದಿದ್ದರೆ ಯಾರಾದರೂ ಕೂತು ಕೇಳಿ ಬರೆದುಕೊಳ್ಳಬೇಕು. ಆ ಕೆಲಸವನ್ನು ಮಗಳ ಕೈಗೆ ಕೊಡಬಾರದು, ಮಗಳೆದುರು ತಾಯಿಗೆ ಹೇಳಲಾಗದ ಮಾತುಗಳಿರುತ್ತವೆ. ‘ಮಾನಸಿಕ ಆರೋಗ್ಯದ ಬಗ್ಗೆ ಮಕ್ಕಳೊಡನೆ ಚರ್ಚಿಸುತ್ತೀರಾ’ ಎಂದು ಅವರನ್ನು ಕೇಳಿದರೆ ದಿಗಿಲಾಗುತ್ತದೆ. ‘ಮಗಳು ಫೋನಿನಲ್ಲಿ ಮಾತು ಕಡಿಮೆ ಮಾಡಿದರೆ ನಿಮಗೆ ಏನನ್ನಿಸುತ್ತದೆ, ಆಮೇಲೆ ಏನು ಕೇಳುತ್ತೀರಿ?’ ಎಂದರೆ ತಾನಾಗಿಯೇ ಮಾತು ಬರುತ್ತದೆ. ಇಂಥ ವಿಷಯವನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಬಹುದು ಎಂದು ತೋರಿಸಿದವರು ನಮ್ಮಲ್ಲಿ ಆಗಿಹೋಗಿದ್ದಾರೆ. ‘ಕೊರವಂಜಿ’ಯ ಡಾ. ಎಂ. ಶಿವರಾಂ ‘ಮನಮಂಥನ’ ಬರೆದರು, ಅದಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ನಾಡಿನ ಹಳ್ಳಿಹಳ್ಳಿ ಮುಟ್ಟಿವೆ. ಪ್ರಶ್ನೆ ಬರೆಯುವವರು ಇವರನ್ನು ಓದಿಕೊಳ್ಳಬೇಕು. ಬರೆದಾದ ಮೇಲೆ ನಾಲ್ಕೈದು ಮಂದಿಯ ಮುಂದೆ ಇಟ್ಟು, ಗಟ್ಟಿಯಾಗಿ ಓದಿಸಿ, ‘ಇದರಲ್ಲಿ ಏನು ಕೇಳ್ತಿದ್ದಾರೆ ಅಂತ ನಿಮಗೆ ತಿಳೀತು?’ ಎಂದು ವಿಚಾರಿಸಬೇಕು. ಎಲ್ಲಿ ತಡವರಿಸಿದರೋ ಆ ಸಾಲನ್ನು ಮತ್ತೆ ಬರೆಯಬೇಕು.

ಲೆಕ್ಕದ ಬಗ್ಗೆ ಒಂದೇ ಮಾತು. ಪ್ರದರ್ಶನಕ್ಕೆ ನಲವತ್ತು ಮಂದಿ ಬಂದಿದ್ದರೆ, ಒಬ್ಬೊಬ್ಬರೂ ನೂರಕ್ಕೆ ಎರಡೂವರೆಯಷ್ಟಾಗುತ್ತಾರೆ. ಇಬ್ಬರು ಮನಸ್ಸು ಬದಲಿಸಿದರೆ ‘ಶೇಕಡ ಐದರಷ್ಟು ಏರಿಕೆ’ ಎಂದು ಬರೆಯುವ ಆಸೆ ಹುಟ್ಟುತ್ತದೆ. ನಲವತ್ತರಲ್ಲಿ ಇಬ್ಬರು ಎಂದೇ ಬರೆಯಿರಿ, ಆ ಇಬ್ಬರು ತಮ್ಮ ಮಾತಿನಲ್ಲಿ ಏನೆಂದರು ಎಂಬುದನ್ನು ಅವರ ಗುರುತು ಸಿಗದ ಹಾಗೆ ಕೆಳಗೆ ಕೊಡಿ. ಓದುವವರಿಗೆ ಅದರಿಂದ ಹೆಚ್ಚು ತಿಳಿಯುತ್ತದೆ.

ತಿಂಗಳ ಮೇಲೆ ಕೇಳುವ ಹಾಳೆ ಚಿಕ್ಕದಿರಲಿ. ಚಿತ್ರ ನೋಡಿದ ಮೇಲೆ ಯಾರ ಜತೆಗಾದರೂ ಈ ಬಗ್ಗೆ ಮಾತಾಡಿದಿರಾ? ಯಾರಾದರೂ ನಿಮ್ಮ ಹತ್ತಿರ ಬಂದು ಹೇಳಿಕೊಂಡರೇ? ನೆರವು ಕೇಳಿ ಎಲ್ಲಿಗಾದರೂ ಹೋದಿರಾ, ಹೋಗಿದ್ದರೆ ಅಲ್ಲಿ ಹೇಗೆ ನಡೆಸಿಕೊಂಡರು? ಈ ಕೊನೆಯ ಪ್ರಶ್ನೆ ಕಾಲೇಜುಗಳಿಗೆ ಹಿತವಾಗದಿರಬಹುದು. ಹೋದಾಗ ಕೋಣೆಗೆ ಬೀಗ ಹಾಕಿತ್ತು ಎಂದು ಹತ್ತು ಮಂದಿ ಬರೆದರೆ ಅದು ಚಿತ್ರದ ಸೋಲಲ್ಲ. ಕಾಲೇಜಿನವರ ಮುಂದೆ ಇಟ್ಟು ಬೀಗ ತೆಗೆಸಬೇಕಾದ ಸಂಗತಿ.

ಕ್ಯಾಮೆರಾ ಮುಂದೆ ಕೂತು ತನ್ನ ಕಷ್ಟ ಹೇಳಿಕೊಂಡವರನ್ನು ಈ ಎಲ್ಲ ಗಡಿಬಿಡಿಯಲ್ಲಿ ಮರೆಯಬಾರದು. ಚಿತ್ರವನ್ನು ಎಲ್ಲರಿಗಿಂತ ಮೊದಲು ಅವರಿಗೆ ತೋರಿಸಿ, ಇದು ಇರಲೇ, ತೆಗೆಯಲೇ ಎಂದು ಕೇಳಬೇಕು. ಪ್ರೇಕ್ಷಕರ ಹಾಳೆಗಳಲ್ಲಿ ಅವರ ಬಗ್ಗೆ ಒರಟು ಮಾತು ಬಂದಿದ್ದರೆ ಅದು ಅವರ ಕೈಗೆ ಸಿಗದ ಹಾಗೆ ನೋಡಿಕೊಳ್ಳಬೇಕು. ಒಳ್ಳೆಯ ಮಾತು ಬಂದಿದ್ದರೆ ತಪ್ಪದೆ ತಲುಪಿಸಬೇಕು.

ಇಷ್ಟೆಲ್ಲ ಕೇಳಿ ತಿಳಿದುಕೊಳ್ಳುವುದು ಚಿತ್ರ ಪೂರ್ತಿ ಮುಗಿದು, ಪೋಸ್ಟರ್ ಅಂಟಿಸಿ, ಅತಿಥಿಗಳನ್ನು ಕರೆದ ದಿನಕ್ಕೆ ಇಟ್ಟುಕೊಂಡರೆ ಏನನ್ನೂ ತಿದ್ದಲಾಗುವುದಿಲ್ಲ. ಸಂಕಲನ ಇನ್ನೂ ನಡೆಯುತ್ತಿರುವಾಗಲೇ ಒಂದು ಹಾಸ್ಟೆಲಿನಲ್ಲಿ, ಇಪ್ಪತ್ತು ಮಂದಿಗೆ, ಮೊದಲ ಪ್ರದರ್ಶನ ಇಟ್ಟುಕೊಳ್ಳಿ. ಎದ್ದು ಹೋಗಬೇಕು ಅನ್ನಿಸಿದ ದೃಶ್ಯವನ್ನು ಅವರು ತೋರಿಸಿಕೊಟ್ಟರೆ ಕತ್ತರಿಸಿ. ಹೇಳಿಕೊಳ್ಳುವುದು ಹೇಗೆ ಎಂದು ಚಿತ್ರ ನೋಡಿದರೂ ತಿಳಿಯಲಿಲ್ಲ ಎಂದರೆ, ಆ ಭಾಗವನ್ನು ಹೊಸದಾಗಿ ಚಿತ್ರಿಸಿ ಸೇರಿಸಿ. ಆಮೇಲೆ ಅದೇ ಇಪ್ಪತ್ತು ಮಂದಿಯ ಹತ್ತಿರ ಹೋಗಿ, ನಿಮ್ಮ ಮಾತಿನಿಂದ ಚಿತ್ರದಲ್ಲಿ ಇಂತಿಂಥದ್ದು ಬದಲಾಯಿತು ಎಂದು ತೋರಿಸಿ.